ಚಾಂಪಿಯನ್ನರ ಮಗಳು ಕೊರೆದ ಗುಳಿಗಳು

ಒಂದು ಮನೆಯಲ್ಲಿ ಒಬ್ಬ ಚಾಂಪಿಯನ್ ಇದ್ದರೆ ಅದು ಆ ಮನೆಯವರ ಭಾಗ್ಯ. ಇಬ್ಬರಿದ್ದರೆ ಅಲ್ಲಿ ಹುಟ್ಟುವ ಮಗುವಿನ ಗ್ರಹಚಾರ.

ನಮ್ಮ ಗಾಲ್ಫ್ ಕ್ಲಬ್ಬಿನ ಎದುರು ರಸ್ತೆಯ ಮೂರನೇ ಮನೆಯಲ್ಲಿ ಇಬ್ಬರಿದ್ದರು. ಗಂಡ ದೇಶದ ಪಟ್ಟವನ್ನು ಮೂರು ಸಲ ಗೆದ್ದವರು. ಹೆಂಡತಿ ಮಹಿಳೆಯರ ಪಟ್ಟವನ್ನು ನಾಲ್ಕು ಸಲ. ಆ ಒಂದರ ವ್ಯತ್ಯಾಸವನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಮುಂದಿನ ಕೋಣೆಯ ಸೋಫಾದ ಮೇಲೆ ಗೆದ್ದ ಕಪ್ಪುಗಳು ಕುಳಿತಿದ್ದುದರಿಂದ ಬಂದವರು ಸ್ಟೂಲಿನ ಮೇಲೆ ಕೂರಬೇಕಾಗಿತ್ತು.

ಇವರಿಗೆ ಒಬ್ಬಳೇ ಮಗಳು. ಹೆರಿಗೆ ಆಸ್ಪತ್ರೆಯ ನರ್ಸು ಕೂಸಿನ ಮುಷ್ಟಿ ನೋಡಿ, "ಅಬ್ಬಾ, ಹಿಡಿತ ನೋಡಿ ಸಾರ್!" ಎಂದಳಂತೆ. ಹುಟ್ಟಿದ ಕೂಸುಗಳೆಲ್ಲ ಮುಷ್ಟಿ ಬಿಗಿದೇ ಬರುತ್ತವೆ ಎಂದು ಹೇಳುವ ಧೈರ್ಯ ಅಲ್ಲಿದ್ದ ಡಾಕ್ಟರಿಗೂ ಆಗಲಿಲ್ಲ. ಊರು ಅವಳನ್ನು 'ಮರಿ ಚಾಂಪಿಯನ್' ಎಂದು ಕರೆಯಿತು. ಹದಿನಾಲ್ಕರ ಹೊತ್ತಿಗೆ ಅವಳ ಆಟ ನೋಡಿದವರು ಚಾಂಪಿಯನ್ ಎಂಬ ಭಾಗವನ್ನು ಮೆಲ್ಲಗೆ ಕೈಬಿಟ್ಟರು. 'ಮರಿ' ಮಾತ್ರ ಉಳಿಯಿತು.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ಮೈದಾನದಲ್ಲಿ ಹದಿನೆಂಟು ಗುಳಿಗಳಿರುತ್ತವೆ. ಕೋಲಿನಿಂದ ಚೆಂಡು ಹೊಡೆದು ಒಂದೊಂದಾಗಿ ಎಲ್ಲದಕ್ಕೂ ಬೀಳಿಸಬೇಕು. ಒಟ್ಟು ಹೊಡೆತ ಯಾರದು ಕಡಿಮೆಯೋ ಅವರು ಗೆದ್ದ ಹಾಗೆ. ಕಡಿಮೆ ಕೆಲಸ ಮಾಡಿದವರಿಗೆ ಬಹುಮಾನ ಕೊಡುವ ಆಟ ಇದೊಂದೇ. ದೊಡ್ಡ ಅಧಿಕಾರಿಗಳಿಗೆ ಇದು ಇಷ್ಟು ಹಿಡಿಸುವುದು ಅದಕ್ಕೇ ಇರಬೇಕು.

ಬೇರೆ ಮನೆಗಳಲ್ಲಿ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತು ಹಾಕುತ್ತಾರೆ. ಇಲ್ಲಿ ಹೊಡೆತಗಳ ಗುರುತು. ತಮ್ಮ ತಮ್ಮ ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ಎಪ್ಪತ್ತೆಂಟು, ಅಮ್ಮ ಎಪ್ಪತ್ತಾರು, ಮರಿ ತೊಂಬತ್ತೊಂದು. ನೀರು ಕುಡಿಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಮರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ಕಲಿಸುವವರಿಗೆ ಕೊರತೆ ಇರಲಿಲ್ಲ. ಅದೇ ತೊಂದರೆ. "ಹೊಡೆಯೋ ಮುಂಚೆ ಉಸಿರು ಹಿಡಿ" ಎಂದು ಅಪ್ಪ. "ಹೊಡೆಯೋ ಮುಂಚೆ ಉಸಿರು ಬಿಡು" ಎಂದು ಅಮ್ಮ. ಇಬ್ಬರೂ ಹಾಗೆ ಮಾಡಿಯೇ ಗೆದ್ದವರು, ಯಾರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ಹುಡುಗಿ ಅರ್ಧ ಹಿಡಿದು ಅರ್ಧ ಬಿಟ್ಟು ಹೊಡೆಯುತ್ತಿದ್ದಳು. ಚೆಂಡೂ ಅರ್ಧಕ್ಕೇ ನಿಲ್ಲುತ್ತಿತ್ತು. ಅಪ್ಪಿತಪ್ಪಿ ಒಂದು ಹೊಡೆತ ಚೆನ್ನಾಗಿ ಬಿದ್ದರೆ ನೋಡುವವರು "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎನ್ನುತ್ತಿದ್ದರು. ಆಗ ಅಪ್ಪನ ಮುಖ ಸಣ್ಣಗಾಗುತ್ತಿತ್ತು. ಕೆಟ್ಟು ಬಿದ್ದರೆ ಯಾರೂ ಗಾದೆ ಹೇಳುತ್ತಿರಲಿಲ್ಲ.

ಹದಿನಾರನೇ ವಯಸ್ಸಿನಲ್ಲಿ, ಎಂಬತ್ತೆಂಟು ಹೊಡೆದ ಒಂದು ದಿನ, ಅವಳು ಮನೆಗೆ ಹೋಗುವ ಮನಸ್ಸಿಲ್ಲದೆ ಆರನೇ ಗುಳಿಯ ಬಳಿ ಹುಲ್ಲಿನ ಮೇಲೆ ಕುಳಿತಿದ್ದಳು. ಹುಲ್ಲಿನ ಮೇಸ್ತ್ರಿ ಅಲ್ಲಿ ಗುಳಿಯ ಜಾಗ ಬದಲಿಸುತ್ತಿದ್ದ. ಇದೊಂದು ಕೆಲಸ ಇದೆಯೆಂದು ಆಡುವವರಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಒಂದೇ ಕಡೆ ಗುಳಿಯಿದ್ದರೆ ಸುತ್ತಲ ಹುಲ್ಲು ಕಾಲ್ತುಳಿತಕ್ಕೆ ಸಾಯುತ್ತದೆ. ಆದ್ದರಿಂದ ಆಗಾಗ ಎರಡು ಹಿಡಿಯ ಕಬ್ಬಿಣದ ಕೊಳವೆಯನ್ನು ಹೊಸ ಜಾಗದಲ್ಲಿ ಒತ್ತಿ ತಿರುವಿ, ಹುಲ್ಲುಸಮೇತ ಮಣ್ಣಿನ ಬಿಲ್ಲೆಯನ್ನು ಎತ್ತಬೇಕು. ಹಳೆಯ ಗುಳಿಯ ಬಟ್ಟಲನ್ನು ಹೊಸದಕ್ಕೆ ಇಳಿಸಿ, ಬಿಲ್ಲೆಯನ್ನು ಹಳೆಯದಕ್ಕೆ ಕೂರಿಸಬೇಕು. ಕೂದಲೆಳೆಯಷ್ಟು ಮೇಲಿದ್ದರೆ ಕತ್ತರಿಸುವ ಯಂತ್ರ ತಲೆ ಬೋಳಿಸುತ್ತದೆ, ಕೆಳಗಿದ್ದರೆ ಚೆಂಡು ಎಡವುತ್ತದೆ. ಮೇಸ್ತ್ರಿ ಅದನ್ನು ಅಂಗೈಯಿಂದ ಸವರಿ ನೋಡುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

"ಮೇಸ್ತ್ರಿ ಮಾಮ, ನಾನೊಂದು ಸಲ ಮಾಡ್ಲಾ?"

"ಮಾಡಮ್ಮ. ಉಸಿರುಗಿಸಿರಿನ ಲೆಕ್ಕ ಇಲ್ಲ ಇದಕ್ಕೆ. ಸೊಂಟ ಗಟ್ಟಿ ಇದ್ರೆ ಸಾಕು."

ಬಿಲ್ಲೆ ಮೊದಲ ಸಲವೇ ಸಮವಾಗಿ ಕೂತಿತು. ಮೇಸ್ತ್ರಿ ಸವರಿ, "ಹ್ಞೂಂ" ಎಂದ. ಹೊಗಳುವ ಅಭ್ಯಾಸವಿಲ್ಲದವನ ಬಾಯಿಂದ ಬಂದ ಆ ಒಂದು ಹ್ಞೂಂ ಅವಳನ್ನು ಕೆಡಿಸಿಬಿಟ್ಟಿತು. ಮೂರು ವರ್ಷ, ಬೆಳಗಿನ ಅಭ್ಯಾಸಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಅವಳು ಹುಲ್ಲಿನ ಹಿಂದೆ ತಿರುಗಿದಳು. ಯಾವ ಬೇರು ಆಳಕ್ಕೆ ಹೋಗಿದೆ, ಯಾವುದಕ್ಕೆ ಬಾಯಾರಿದೆ, ಎಲ್ಲಿ ಶಿಲೀಂಧ್ರ ಹತ್ತುತ್ತದೆ ಎಂಬುದೆಲ್ಲ ಕಲಿತಳು. ಆಟದ ಅಭ್ಯಾಸ ನಡೆಯದ್ದರಿಂದ ಹೊಡೆತಗಳು ಎಂಬತ್ತರ ಮೇಲೇ ಉಳಿದವು. ಅಪ್ಪ ಹೊಸ ಕೋಲುಗಳನ್ನು ತಂದರು. ಅಮ್ಮ ಹೊಸ ಬೂಟು ತಂದರು. ಬೂಟಿಗೆ ದಿನಾ ಇಷ್ಟು ಮಣ್ಣು ಹೇಗೆ ಮೆತ್ತುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅವರು ನೋಡುತ್ತಿದ್ದುದು ಸದಾ ಮಣಿಕಟ್ಟನ್ನು.

ಹತ್ತೊಂಬತ್ತಕ್ಕೆ ಸಂದಿಗ್ಧ ಬಂತು. ಆ ತಿಂಗಳು ದೇಶದ ಕಿರಿಯರ ತಂಡಕ್ಕೆ ಆಯ್ಕೆ ಪಂದ್ಯ ನಮ್ಮ ಕ್ಲಬ್ಬಿನಲ್ಲೇ ಇತ್ತು. ಮೊದಲ ನಾಲ್ವರು ತಂಡಕ್ಕೆ ಹೋಗುತ್ತಾರೆ. ಆಯ್ಕೆಯಾಗದಿದ್ದರೆ ಮಗಳನ್ನು ಮೂರು ವರ್ಷ ದೂರದ ತರಬೇತಿ ಶಾಲೆಗೆ ಸೇರಿಸುವುದೆಂದು ಚಾಂಪಿಯನ್ ದಂಪತಿ ತೀರ್ಮಾನಿಸಿದ್ದರು. ಗೆದ್ದರೆ ತಂಡ, ಸೋತರೆ ಶಾಲೆ. ಅದೇ ತಿಂಗಳ ಕೊನೆಗೆ ಮೇಸ್ತ್ರಿ ನಿವೃತ್ತನಾಗುವವನಿದ್ದ, ಆ ಜಾಗಕ್ಕೆ ಕ್ಲಬ್ಬು ಅರ್ಜಿ ಕರೆದಿತ್ತು. ಮರಿಗೆ ಬೇಕಾಗಿದ್ದುದು ಜಗತ್ತಿನಲ್ಲಿ ಅದೊಂದೇ. ಅದನ್ನು ಮನೆಯಲ್ಲಿ ಹೇಳುವುದೆಂದರೆ ಗವಾಯಿಗಳ ಮಗಳು ತಬಲಾ ಹೊರುವ ಕೆಲಸ ಕೇಳಿದ ಹಾಗೆ. ಅರ್ಜಿಯ ನಮೂನೆಯನ್ನು ಅವಳು ಕೋಲಿನ ಚೀಲದಲ್ಲಿಟ್ಟುಕೊಂಡು ಓಡಾಡಿದಳು.

ಪಂದ್ಯದ ದಿನ ಬೆಳಗಿನ ಐದಕ್ಕೆ ಎರಡನೇ ಗುಳಿಯ ಬಳಿ ಮೇಸ್ತ್ರಿ ಕೊಳವೆ ಒತ್ತಲು ಬಗ್ಗಿದವನು ಬಗ್ಗಿಯೇ ಉಳಿದ. ಸೊಂಟ ಹಿಡಿದಿತ್ತು.

"ಕೊಡಿ ಇಲ್ಲಿ" ಎಂದಳು ಮರಿ.

"ಬೇಡ ಕಣಮ್ಮ. ನೀನು ಇವತ್ತು ಆಡೋಳು. ಗುಳಿ ಕೊರೆದೋರು ಆಡಬಾರದು ಅಂತ ಏನೋ ನಿಯಮ ಇದೆ."

"ಮಾಮ, ಇನ್ನು ಹದಿನೇಳು ಗುಳಿ ಬಾಕಿ ಇವೆ. ಎಂಟು ಗಂಟೆಗೆ ಜನ ಬರ್ತಾರೆ. ನಾನು ಹೊಡೆಯೋದು ಎಂಬತ್ತನಾಲ್ಕು. ನಿಯಮ ಎಲ್ಲ ಗೆಲ್ಲೋರಿಗೆ."

ಮೇಸ್ತ್ರಿ ಯೋಚಿಸಿದ. ಎಂಬತ್ತನಾಲ್ಕರ ಮಾತು ಅವನಿಗೂ ಸರಿಯೆನ್ನಿಸಿತು. ಹತ್ತು ವರ್ಷದಿಂದ ಸೋಲುತ್ತಾ ಬಂದವಳು ಇವತ್ತೇ ಗೆದ್ದಾಳು ಎಂಬ ಸಂಶಯ ಅವಳನ್ನು ಅಷ್ಟು ಪ್ರೀತಿಸುವ ಅವನಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ಅವನು ಕೈಗಾಡಿಯಲ್ಲಿ ಒರಗಿ ಕುಳಿತ. ಅವಳು ಅವನನ್ನು ತಳ್ಳಿಕೊಂಡು ಹದಿನೇಳು ಗುಳಿಗಳನ್ನೂ ಕೊರೆದಳು.

ಒಂಬತ್ತಕ್ಕೆ ಆಟ ಶುರುವಾದಾಗ ಅವಳ ತೋಳುಗಳು ನಡುಗುತ್ತಿದ್ದವು. ದಣಿವಿಗೆ ಉಸಿರು ಹಿಡಿಯುವುದೂ ಬಿಡುವುದೂ ಎರಡೂ ಮರೆತುಹೋದವು. ಚೆಂಡಿಗಿಂತ ತಾನು ಕೂರಿಸಿದ ಬಿಲ್ಲೆಗಳ ಕಡೆಗೇ ಅವಳ ಕಣ್ಣು. ಬಿಸಿಲಿಗೆ ಬಾಡಿದುವೇ, ಅಂಚು ಎದ್ದಿತೇ? ಬೇಗ ಹೋಗಿ ನೋಡುವ ಆತುರಕ್ಕೆ ಪಟಪಟನೆ ಹೊಡೆದಳು. ಯಾವ ಗುಳಿಯ ಬಳಿ ನೆಲ ಎತ್ತ ವಾಲುತ್ತದೆಂದು ಅಂಗೈಗೇ ಗೊತ್ತಿತ್ತು. ಚೆಂಡು ದನ ಕೊಟ್ಟಿಗೆಗೆ ಹೋದ ಹಾಗೆ ಹೋಗಿ ಗುಳಿಗೆ ಬಿತ್ತು. ಒಟ್ಟು ಎಪ್ಪತ್ತೆರಡು. ನಾಲ್ಕನೇ ಸ್ಥಾನ.

ಅಪ್ಪ ಎರಡು ಸಲ ಹೊಡೆತಗಳ ಚೀಟಿ ಕೂಡಿ ನೋಡಿದರು. ಅಮ್ಮ ಮೂರು ಸಲ.

"ಉಸಿರು ಹಿಡಿದಳು, ನೋಡಿದ್ಯಾ?" ಎಂದರು ಅಪ್ಪ.

"ಬಿಟ್ಟಳು ರೀ. ನಾನು ಹತ್ತಿರದಲ್ಲೇ ಇದ್ದೆ."

ಮರಿ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ಅಲ್ಲಿ ಊರಿನ ದರ್ಜಿಯೊಬ್ಬರ ಮಗಳು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು, ಬಹಳ ಹೊತ್ತಿನಿಂದ, ಬೇಕಾದ್ದಕ್ಕಿಂತ ಹೆಚ್ಚು ನೀರು. ಎಪ್ಪತ್ತಮೂರು ಹೊಡೆದಿದ್ದಳು. ಐದನೇ ಸ್ಥಾನ. ಎರವಲು ಕೋಲುಗಳಲ್ಲಿ ಆಡಿದವಳು.

"ಚೆನ್ನಾಗಿ ಆಡಿದ್ರಿ ಅಕ್ಕ" ಎಂದಳು ಅವಳು. "ನಿಮ್ಮ ರಕ್ತದಲ್ಲೇ ಇದೆ ಬಿಡಿ. ನಮ್ಮಪ್ಪನಿಗೆ ಗಾಲ್ಫ್ ಅಂದ್ರೆ ಪ್ಯಾಂಟಿನ ಒಂದು ಬಗೆ ಅಷ್ಟೇ."

ಮರಿಗೆ ನಗು ಬರಲಿಲ್ಲ.

ಸಂಜೆ ಬಹುಮಾನದ ಸಭೆ. ಮಾತಾಡಲು ಚಾಂಪಿಯನ್ ಅಪ್ಪನನ್ನೇ ಕರೆದರು, ಮೈಕು ಕಂಡರೆ ಅವರು ಕರೆಯದೆಯೂ ಹೋಗುತ್ತಿದ್ದರು. ಮಗಳನ್ನು ತಾವೇ ಹೊಗಳಿದರೆ ಚೆನ್ನಾಗಿರುವುದಿಲ್ಲವೆಂದು, ಸುತ್ತಿ ಬಳಸಿ ಮೈದಾನವನ್ನು ಹೊಗಳಿದರು.

"ನಲವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ. ಇವತ್ತಿನ ಗುಳಿಗಳ ಜಾಗ ಇದೆಯಲ್ಲ, ಇಂಥ ಬುದ್ಧಿವಂತಿಕೆಯನ್ನ ನಾನು ಎಲ್ಲೂ ನೋಡಿಲ್ಲ! ಇವನ್ನ ಕೊರೆದವನು ಕೂಲಿಯವನಲ್ಲ, ಕಲಾವಿದ! ಇಂಥವರು ಒಬ್ಬರಿದ್ದರೆ ನೂರು ಚಾಂಪಿಯನ್ನರು ಹುಟ್ತಾರೆ. ಮೇಸ್ತ್ರಿ, ಬಾಪ್ಪ ಮೇಲೆ!"

ಚಪ್ಪಾಳೆ ಬಿತ್ತು. ಮೇಸ್ತ್ರಿ ಹಿಂದಿನ ಸಾಲಿನಲ್ಲಿ ಅರ್ಧ ಎದ್ದ. ಸೊಂಟ ಅಷ್ಟಕ್ಕೇ ಬಿಟ್ಟಿತು. ಏಳಲೂ ಆಗದೆ ಕೂರಲೂ ಆಗದೆ ಅವನು ಮರಿಯ ಕಡೆ ನೋಡಿದ.

ಮರಿ ಎದ್ದು ನಿಂತಳು. "ಅಪ್ಪ, ಅದನ್ನ ಕೊರೆದಿದ್ದು ನಾನು."

ಚಾಂಪಿಯನ್ನರು ಮೈಕಿನಲ್ಲೇ ನಕ್ಕರು. "ನೋಡಿ, ನಮ್ಮ ಹುಡುಗಿಗೆ ತಮಾಷೆ ಕೂಡ ಬರುತ್ತೆ."

"ತಮಾಷೆ ಅಲ್ಲಪ್ಪ. ಮಾಮನಿಗೆ ಸೊಂಟ ಹಿಡೀತು. ಹದಿನೇಳು ಗುಳಿ ನಾನೇ ಕೊರೆದೆ. ನಾನು ಆಡಬಾರದಿತ್ತು."

ಕ್ಲಬ್ಬಿನ ಕಾರ್ಯದರ್ಶಿಗಳು ಹನ್ನೊಂದು ವರ್ಷದಿಂದ ನಿಯಮಪುಸ್ತಕವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು, ಯಾರೂ ಒಂದು ಸಲವೂ ಕೇಳಿರಲಿಲ್ಲ. ಈಗ ಅದನ್ನು ಸಂಭ್ರಮದಿಂದ ಹೊರತೆಗೆದರು. ಪುಟ ತಿರುವಿ ಓದಿದರು: "ಗುಳಿ ಕೊರೆದವರಾಗಲಿ, ಕೊರೆಯಲು ನೆರವಾದವರಾಗಲಿ ಆ ದಿನದ ಪಂದ್ಯದಲ್ಲಿ ಆಡತಕ್ಕದ್ದಲ್ಲ. ಆಡಿದ್ದಲ್ಲಿ ಅನರ್ಹರು."

"ಆ ನಿಯಮಕ್ಕೆ ಬೇರೆ ಅರ್ಥ ಇದೆ" ಎಂದರು ಚಾಂಪಿಯನ್ನರು. "ಯಾರೋ ತಲೆಯಿಲ್ಲದವರು ಬರೆದಿದ್ದಾರೆ, ಭಾಷೆ ಸರಿಯಿಲ್ಲ."

"ಕೆಳಗೆ ರುಜು ತಮ್ಮದೇ ಇದೆ ಸಾರ್" ಎಂದರು ಕಾರ್ಯದರ್ಶಿಗಳು. ಮೈಕು ಅದನ್ನೂ ಬಿಡದೆ ಹೇಳಿತು.

ದರ್ಜಿಯ ಮಗಳ ಹೆಸರನ್ನು ನಾಲ್ಕನೆಯದಾಗಿ ಬರೆದರು. ಅವಳು ಮರಿಯ ಹತ್ತಿರ ಬಂದು, ಕೈ ಹಿಡಿದು ಅಲ್ಲಾಡಿಸಿ ಹೋದಳು.

ಮನೆಯಲ್ಲಿ ಅಪ್ಪ ಕಪ್ಪುಗಳನ್ನು ಸರಿಸಿ ಸೋಫಾದ ಮೇಲೆ ಕುಳಿತರು. ಸ್ಟೂಲು ಮಗಳಿಗೆ.

"ಒಂದು ಮಾತು ಹೇಳದೆ ಇದ್ದಿದ್ರೆ?" ಎಂದರು. "ಯಾರಿಗೆ ಗೊತ್ತಾಗ್ತಿತ್ತು? ಮೇಸ್ತ್ರಿ ಬಾಯಿ ಬಿಡ್ತಿದ್ನಾ?"

"ನೀವು ಕಲಾವಿದ ಅಂದ್ರಲ್ಲಪ್ಪ. ಅದು ಬೇರೆಯವರ ಹೆಸರಿಗೆ ಹೋಗೋದು ನನಗೆ ಇಷ್ಟ ಆಗಲಿಲ್ಲ."

ನಾವೆಲ್ಲ ಅವಳು ಸತ್ಯಕ್ಕಾಗಿ ಎದ್ದಳೆಂದು ಊರಿಡೀ ಹೇಳಿಕೊಂಡು ತಿರುಗಿದೆವು. ದರ್ಜಿಯ ಮಗಳ ಕಣ್ಣೀರೂ ಕಾರಣವಾಗಿದ್ದೀತು. ಆದರೆ ಅಪ್ಪನಿಂದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬಂದ ಹೊಗಳಿಕೆಯನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲವೆಂಬುದೂ ನಿಜ. ಮಾತು ಮುಗಿಸಿ ಅವಳು ಚೀಲದಿಂದ ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಅಪ್ಪ ಅದರ ತಲೆಬರಹ ಓದಿ ಕಿಟಕಿಯ ಕಡೆ ತಿರುಗಿದರು. "ತರಬೇತಿ ಶಾಲೆಗೆ ನಾಳೆನೇ ಫೋನ್ ಮಾಡ್ತೀನಿ."

ಅಮ್ಮ ಅರ್ಜಿಯನ್ನು ಎತ್ತಿಕೊಂಡು ಕೇಳಿದರು, "ಹನ್ನೊಂದನೇ ಗುಳಿನ ಅಷ್ಟು ಅಂಚಿಗೆ ಯಾಕೆ ಇಟ್ಟೆ?"

"ಮಧ್ಯದ ಹುಲ್ಲು ದಣಿದಿದೆ ಅಮ್ಮ. ಒಂದು ವಾರ ಕಾಲು ಬೀಳಬಾರದು. ಅಂಚಿನಲ್ಲಿ ಬೇರು ಗಟ್ಟಿ. ಬಲಕ್ಕೆ ಇಳಿಜಾರು ಇದೆ ಅಂತ ಕಾಣುತ್ತೆ, ನಿಜವಾಗಿ ಎಡಕ್ಕೆ."

"ಎಡಕ್ಕಾ?" ಅಮ್ಮ ಕುರ್ಚಿ ಎಳೆದುಕೊಂಡರು. "ಮೂವತ್ತು ವರ್ಷದಿಂದ ನಾನು ಅಲ್ಲಿ ಒಂದು ಹೊಡೆತ ಕಳ್ಕೊಳ್ತಾ ಬಂದಿದೀನಿ." ಆಮೇಲೆ ಗಂಡನ ಕಡೆ ನೋಡಿ, "ಕಲಾವಿದ ಅಂತ ಮೈಕಲ್ಲಿ ಅಂದಿದ್ದು ನೀವು ರೀ. ಇನ್ನೂರು ಜನ ಕೇಳಿದಾರೆ. ಈಗ ಕೆಲಸ ಬೇಡ ಅಂದ್ರೆ ನಿಮ್ಮ ನಲವತ್ತು ವರ್ಷದ ಅನುಭವದ ಗತಿ ಏನು?"

ಚಾಂಪಿಯನ್ನರು ಸೋತದ್ದನ್ನು ನಾವು ಮೈದಾನದಲ್ಲಿ ಕಂಡಿರಲಿಲ್ಲ. ಅಂದು ಮನೆಯಲ್ಲಿ ಸೋತರಂತೆ. ಅರ್ಜಿಯನ್ನು ಮರುದಿನ ಅಮ್ಮನೇ ಕಾರ್ಯದರ್ಶಿಗಳಿಗೆ ತಲುಪಿಸಿದರು.

ಕೆಲಸ ಸಿಕ್ಕಿತು. ಸುಖ ಸಿಕ್ಕಿತೆಂದು ಮಾತ್ರ ತಿಳಿಯಬೇಡಿ. ಅಪ್ಪ ಹುಲ್ಲಿನ ಮೇಲೆ ಆರು ದಪ್ಪ ಪುಸ್ತಕ ತರಿಸಿದ್ದಾರೆ. ದೇಶದಲ್ಲಿ ಅತ್ಯುತ್ತಮ ಹುಲ್ಲಿನ ಮೇಸ್ತ್ರಿಗೆ ಏನಾದರೂ ಪ್ರಶಸ್ತಿಯುಂಟೇ ಎಂದು ಕ್ಲಬ್ಬಿನಲ್ಲಿ ಕಂಡಕಂಡವರನ್ನು ವಿಚಾರಿಸುತ್ತಿದ್ದಾರೆ. ಮೊನ್ನೆ ಬೆಳಗ್ಗೆ ಮರಿ ಹದಿನಾಲ್ಕನೇ ಗುಳಿ ಕೊರೆಯುತ್ತಿದ್ದಾಗ ಅಳತೆಯ ಟೇಪು ಹಿಡಿದು ಬಂದು, ಕೊಳವೆ ಒತ್ತುವಾಗ ಉಸಿರು ಹಿಡಿಯಬೇಕೆಂದು ಶುರುಮಾಡಿದರು.

ಮರಿ ತಲೆ ಎತ್ತಲಿಲ್ಲ. "ಅಪ್ಪ, ಈಗಷ್ಟೇ ನೀರು ಕುಡಿದಿದೆ. ಹುಲ್ಲಿನ ಮೇಲಿಂದ ಕೆಳಗಿಳೀರಿ."

ಮೂರು ಸಲದ ಚಾಂಪಿಯನ್ನರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಿನಲ್ಲಿ ದಾರಿಗೆ ಇಳಿದರು.