ರೇಣುಕಾಳ ಹೊಟ್ಟೆ ನೋಡಿದ್ದು ನೀಲವ್ವ

ನೀಲವ್ವನವರೇ, ರೇಣುಕಾಳ ಹೊಟ್ಟೆಯನ್ನು ನಾನು ನೋಡಲೇ ಇಲ್ಲ. ನೋಡಿದೆನೆಂದು ಚೀಟಿಯಲ್ಲಿ ಬರೆದೆ. ಆ ಸುಳ್ಳಿಗೆ ಇಷ್ಟು ವರ್ಷ ಬೈಸಿಕೊಂಡವರು ನೀವು.

ಹೊಟ್ಟೆನೋವಿನ ಕಾರಣ ಪತ್ತೆ ಹಚ್ಚುವ ಡಾಕ್ಟರೆಂದು ಲಕ್ಷ್ಮೇಶ್ವರದಲ್ಲಿ ನನಗೆ ಹೆಸರಿದೆ, ಪುಕ್ಕಟೆ ಬಂದದ್ದಲ್ಲ. ಮಲಗಿಸಬೇಕು, ಮೊಣಕಾಲು ಮಡಿಸಲು ಹೇಳಬೇಕು, ಅಂಗೈ ಬೆಚ್ಚಗೆ ಮಾಡಿಕೊಂಡು ನೋವಿಲ್ಲದ ಕಡೆಯಿಂದ ಶುರುಮಾಡಬೇಕು — ಕಣ್ಣು ಮಾತ್ರ ಮುಖದ ಮೇಲೆ. ಇದೆಲ್ಲ ಆಗಲೂ ಗೊತ್ತಿತ್ತು. ಆದರೆ ಅಂದು ಸಂತೆ, ಬಾಗಿಲತನಕ ಜನ. ನಿಮ್ಮ ಯಳವತ್ತಿಯ ಹೊಸ ಸೊಸೆ ರೇಣುಕಾ ಮಾವನೆದುರು ಮಲಗಲು ನಾಚಿದಳು. ಮಾವನನ್ನು ಹೊರಗೆ ಕಳಿಸಲು ಒಂದು ಮಾತು ಸಾಕಿತ್ತು — ಆಡಲಿಲ್ಲ. ಕೂತಲ್ಲೇ, ಸೀರೆಯ ಮೇಲಿಂದಲೇ ಎರಡು ಬೆರಳು ಒತ್ತಿ, "ಗ್ಯಾಸ್ ಆಗೇತಿ" ಎಂದು ಇಂಜೆಕ್ಷನ್ ಚುಚ್ಚಿ ಕಳಿಸಿದೆ. ಚೀಟಿಯಲ್ಲಿ ಬರೆದದ್ದು — ಹೊಟ್ಟೆ ಮೆತ್ತಗಿದೆ, ಎಲ್ಲೂ ನೋವಿಲ್ಲ.

ಮರುದಿನ ನೋವು ಹೆಚ್ಚಾಗಿ, ಹೊಕ್ಕುಳದ ಬಟ್ಟಿ ಸರಿದಿರಬೇಕು, ತಿಕ್ಕಿಸೋಣವೆಂದು, ಊರಲ್ಲಿ ಹೊಟ್ಟೆ ತಿಕ್ಕುವ ನಿಮ್ಮಲ್ಲಿಗೆ ಕರೆತಂದರು. ನೀವು ಗಂಡಸರನ್ನು ಹೊರಗೆ ನಿಲ್ಲಿಸಿ, ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಅಂಗೈ ಇಟ್ಟು — ತಿಕ್ಕಲಿಲ್ಲ. ಹೊರಗೆ ಬಂದು, "ಇದು ಬಟ್ಟಿ ಅಲ್ರಿ. ಹೊಟ್ಟಿ ಹಲಗಿ ಹಂಗ ಗಟ್ಟಿ ಆಗೇತಿ, ಜಲ್ದಿ ದವಾಖಾನಿಗೆ ಒಯ್ರಿ" ಎಂದಿರಿ. ಗದಗಿಗೆ ಒಯ್ದರು. ಅಪೆಂಡಿಕ್ಸ್ ಒಡೆದಿತ್ತು. ರೇಣುಕಾ ಬದುಕಿದಳು.

ಅವಳ ಮಾವ ನನ್ನಲ್ಲಿ ಬಂದು, "ನೀವು ನೋಡಿದ್ರಲ್ರಿ ಸಾಹೇಬ್ರ, ಹೆಂಗ ಒಡೀತ್ರಿ?" ಎಂದ. ನಾನು ಅವನನ್ನೇ ಕೇಳಿದೆ:

"ಯಾರ ಕಡೆ ತಿಕ್ಕಿಸಿದ್ರಿ?"

ಅಷ್ಟೇ. ಮಿಕ್ಕಿದ್ದನ್ನು ಊರೇ ಆಡಿತು — ನೀಲವ್ವ ತಿಕ್ಕಿ ಕೆಡಿಸಿ, ಹೆದರಿ ದವಾಖಾನೆಗೆ ಸಾಗಹಾಕಿದಳಂತೆ. ಕೂಸಿಗೆ ನೀರು ಎರೆಯಲೂ ನಿಮ್ಮನ್ನು ಕರೆಯುವುದು ಬಿಟ್ಟರು. ನಡೆದದ್ದನ್ನು ರೇಣುಕಾ ಎಲ್ಲರಿಗೂ ಹೇಳಿದಳು, ನನಗೂ ಹೇಳಿದಳು. ಡಾಕ್ಟರ ಮಾತಿರುವಾಗ ಸೊಸೆಯ ಮಾತು ಯಾರಿಗೆ ಬೇಕಿತ್ತು? ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ.

ಈಗ ಕಿರಿಯ ಡಾಕ್ಟರುಗಳಿಗೆ ಕಲಿಸುವಾಗ, ಹೊಟ್ಟೆ ಹಲಗೆಯಾಗಿದ್ದರೆ ತಡಮಾಡಬೇಡಿ ಎನ್ನುತ್ತೇನೆ. ಎಷ್ಟು ಚೆನ್ನಾಗಿ ಹೇಳಿದಿರಿ ಸರ್, ಎನ್ನುತ್ತಾರೆ. ಅದು ಯಾರ ಮಾತೆಂದು ಒಮ್ಮೆಯೂ — ಇಲ್ಲ, ಒಮ್ಮೆಯೂ ಹೇಳಿಲ್ಲ.

ನಾಳೆ ಬೆಳಿಗ್ಗೆ ಯಳವತ್ತಿಗೆ ಬರುತ್ತೇನೆ. ಆ ಚೀಟಿಯ ನಕಲು ಕಿಸೆಯಲ್ಲಿದೆ. ಮೊದಲು ನಿಮ್ಮ ಮನೆಗಲ್ಲ, ರೇಣುಕಾಳ ಮಾವ ನಾಲ್ಕು ಜನರೊಡನೆ ಕೂರುವ ಕಟ್ಟೆಗೆ. ನಿಂತೇ ಹೇಳುತ್ತೇನೆ: ನೀಲವ್ವ ತಿಕ್ಕಲಿಲ್ಲ. ನಾನು ನೋಡಲಿಲ್ಲ.