ಮ್ಯಾಲೆ ಸಂಡೂರು, ಕೆಳಗ ಕಂಪ್ಲಿ

ಹೊಸಪೇಟೆಯ ಒಂದು ಶಾಲೆಯಲ್ಲಿ ಏಳನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸಲು ನಾನು ಸೇರಿದ್ದು ಜೂನ್ ತಿಂಗಳಲ್ಲಿ. ಸೇರಿದ ದಿನದಿಂದ ಡೈರಿ ಇಟ್ಟಿದ್ದೇನೆ. ಮನಸ್ಸಿನ ನೋವು ನಲಿವು ಬರೆಯುವ ಡೈರಿಯಲ್ಲ. ತಾರೀಖು, ಎಷ್ಟನೆಯ ಪೀರಿಯಡ್, ನಾನು ಏನು ಹೇಳಿದೆ, ಎಷ್ಟು ಜನ ಆಕಳಿಸಿದರು, ಇಷ್ಟೇ. ಮೊದಲ ತಿಂಗಳ ಕೊನೆಗೆ ಕೂಡಿಸಿ ನೋಡಿದೆ. ನೋಟ್ಸ್ ಬರೆಸಿದ ಪೀರಿಯಡ್ ಹದಿನಾರು, ಆಕಳಿಕೆ ಇನ್ನೂರ ಮೂವತ್ತೊಂದು. ಅದರಲ್ಲಿ ಹತ್ತೊಂಬತ್ತು ನನ್ನವು.

ಈ ಲೆಕ್ಕ ಹಿಡಿದುಕೊಂಡೇ ಹೆಡ್ ಸರ್ ಕೋಣೆಗೆ ಹೋದೆ. ಭೂಗೋಳವನ್ನು ಗುಂಪು ಪ್ರಾಜೆಕ್ಟ್ ಮಾಡಿಸಿ ಕಲಿಸುತ್ತೇನೆ, ವಾರಕ್ಕೆ ಎರಡು ಪೀರಿಯಡ್ ಅದಕ್ಕೇ ಬಿಟ್ಟುಕೊಡಿ ಎಂದು ಕೇಳಿದೆ. ಹೆಡ್ ಸರ್ ಅದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಭೂಗೋಳ ಕಲಿಸಿದವರು. ಅವರು ಬರೆಸಿದ ನೋಟ್ಸ್ ಮನೆಮನೆಯಲ್ಲಿ ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಗೆ ಹೋಗಿ, ಈಗಲೂ ಊರಲ್ಲಿ ಓಡಾಡುತ್ತಿದೆ.

"ಪ್ರಾಜೆಕ್ಟ್ ಅಂದ್ರ ಏನ್ರಿ ಮಿಸ್? ಹುಡುಗ್ರು ತಿರುಗಾಡೋದು, ಅವ್ವಾರು ರಾತ್ರಿ ಕುಂತು ಚಾರ್ಟ್ ಬರೆಯೋದು. ಅಷ್ಟ ಹೌದಲ್ಲ?"

"ಅಲ್ಲ ಸರ್. ಹುಡುಗ್ರ ಮಾಡ್ತಾರ."

ಅವರು ಕ್ಯಾಲೆಂಡರ್ ನೋಡಿದರು. "ನವೆಂಬರ್‌ನಾಗ ಪಾಲಕರ ಸಭೆ ಐತಿ. ಅವತ್ತು ನಿಮ್ಮ ಹುಡುಗ್ರು ಮಾಡಿದ್ದು ಗ್ವಾಡಿ ಮ್ಯಾಲೆ ಇರಬೇಕು. ತಪ್ಪು ಇಲ್ಲಾಂದ್ರ ವರ್ಷಪೂರ್ತಿ ಮಾಡಿಸ್ಕೋರಿ. ತಪ್ಪು ಕಂಡ್ರ ಮತ್ತ ನೋಟ್ಸ್. ಆ ಎರಡು ಪೀರಿಯಡ್ ಗಣಿತಕ್ಕ ಕೊಡ್ತೀನಿ."

ಗಣಿತದ ಮಾಸ್ತರರು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದರು. "ನಂಗೇನೂ ಅವಸರ ಇಲ್ರಿ" ಎಂದು ಬಹಳ ಅವಸರದಿಂದ ಹೇಳಿದರು.

ತರಗತಿಯಲ್ಲಿ ಮೂವತ್ತೆರಡು ಮಕ್ಕಳು. ಎಂಟೆಂಟು ಜನರ ನಾಲ್ಕು ಗುಂಪು ಮಾಡಿ ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿ ಎಂದು ಹಂಚಿದೆ. ಪ್ರತಿ ಗುಂಪೂ ತನ್ನ ಊರಿನ ನಕ್ಷೆಯನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆಯಬೇಕು. ಅಲ್ಲಿಯ ಜನ ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ, ಏನು ಕೆಲಸ ಮಾಡುತ್ತಾರೆ ಎಂದು ಕೇಳಿ ಬಂದು ಅದರಲ್ಲೇ ತುಂಬಬೇಕು. ನಾಲ್ಕೂ ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿದರೆ ಒಂದೇ ನಕ್ಷೆಯಾಗಬೇಕು. ಒಂದು ಹಾಳೆಯ ಅಂಚಿನಲ್ಲಿ ಮುಗಿದ ರಸ್ತೆ ಮುಂದಿನ ಹಾಳೆಯ ಅಂಚಿನಲ್ಲಿ ಸರಿಯಾಗಿ ಶುರುವಾಗಬೇಕು. ಅದಕ್ಕೆ ಅಕ್ಕಪಕ್ಕದ ಗುಂಪುಗಳು ಜಗಳವಾಡದೆ ಮಾತಾಡಿಕೊಳ್ಳಬೇಕು. ಜಗಳ ಹನ್ನೊಂದು ಆದವು.

ಕೆಲಸ ಜೋರಾಗಿ ನಡೆಯಿತು. ಸಂಡೂರಿನ ಗುಂಪು ಗಣಿಯ ಕೆಂಪು ಧೂಳನ್ನು ನೀರಿನ ಬಾಟಲಿಯಲ್ಲಿ ತುಂಬಿ ತಂದು, ಗೋಂದಿನಲ್ಲಿ ಕಲಸಿ ಗುಡ್ಡಗಳಿಗೆ ಬಳಿಯಿತು. ನನ್ನ ಎರಡು ಚೂಡಿದಾರಗಳಿಗೂ ಬಳಿಯಿತು. ಹಂಪಿಯ ಗುಂಪಿನವರು ವಿರೂಪಾಕ್ಷ ಬಜಾರಿನಲ್ಲಿ ಹದಿನಾಲ್ಕು ಜನರನ್ನು ಮಾತಾಡಿಸಿ ಬಂದರು; ಅದರಲ್ಲಿ ಹನ್ನೆರಡು ಜನ ಪ್ರವಾಸಿಗಳು, ಇಬ್ಬರು ಗೈಡ್‌ಗಳು. ಹಾಗಾಗಿ "ಮುಖ್ಯ ಬೆಳೆ: ಬಾಳೆ. ಮುಖ್ಯ ಕಸುಬು: ಫೋಟೊ ತೆಗೆಯುವುದು" ಎಂದು ಬರೆದರು. ಹೊಸಪೇಟೆಯವರು ಬಸ್ ಸ್ಟ್ಯಾಂಡಿನ ಸುತ್ತಲಿನ ಮಿರ್ಚಿ ಮಂಡಕ್ಕಿ ಅಂಗಡಿಗಳನ್ನೆಲ್ಲ ಗುರುತು ಹಾಕಿ ತಾಲ್ಲೂಕು ಕಚೇರಿಯನ್ನು ಮರೆತರು. ಕಂಪ್ಲಿಯವರು ನಾಲ್ಕು ತರದ ಭತ್ತ ತಂದು ಅಂಟಿಸಿದರು. ಕಬ್ಬನ್ನೂ ತಂದಿದ್ದರು, ಅಂಟಿಸುವ ಮೊದಲೇ ತಿಂದಿದ್ದರು.

ಕಂಪ್ಲಿ ಗುಂಪಿಗೆ ಲೀಡರ್ ಒಬ್ಬಳು ಹುಡುಗಿ. ಬುಕ್ಕಸಾಗರದವಳು, ದಿನಾ ಕಂಪ್ಲಿ ಕಡೆಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾಳೆ. ಕಂಡಕ್ಟರ್ ಹತ್ತಿರ ಮಾತಾಡುವ ದನಿಯಲ್ಲೇ ನನ್ನ ಹತ್ತಿರವೂ ಮಾತಾಡುತ್ತಾಳೆ. ಅವಳಿಗೆ ಈ ಪ್ರಾಜೆಕ್ಟ್ ನನಗಿಂತ ಹೆಚ್ಚು ಬೇಕಾಗಿತ್ತು. ಹಿಂದಿನ ವರ್ಷದ ನೋಟ್ಸ್ ಪುಸ್ತಕದಲ್ಲಿ ಅವಳು ಬರೆದದ್ದಕ್ಕಿಂತ ಶಿಕ್ಷಕರು ಕೆಂಪು ಶಾಯಿಯಲ್ಲಿ ಬರೆದದ್ದೇ ಜಾಸ್ತಿ.

ಶನಿವಾರ ಪಾಲಕರ ಸಭೆ. ಗುರುವಾರ ಮಧ್ಯಾಹ್ನ ನಾಲ್ಕೂ ಹಾಳೆ ಅಂಟಿಸಿ ಮುಗಿಸಿದೆವು. ರಸ್ತೆಗೆ ರಸ್ತೆ ಕೂಡಿತು, ನದಿಗೆ ನದಿ ಕೂಡಿತು. ಮಕ್ಕಳು ಕುಣಿದರು. ಇನ್ನು ಉಳಿದದ್ದು ಉತ್ತರ ದಿಕ್ಕಿನ ಬಾಣ ಮಾತ್ರ. ಬಂಗಾರದ ಬಣ್ಣದ ಕಾಗದದಲ್ಲಿ ಅದನ್ನು ಕತ್ತರಿಸಿ, ಹಿಂಬದಿಗೆ ಗೋಂದು ಹಚ್ಚಿ, ನಕ್ಷೆಯ ಮೇಲ್ತುದಿಗೆ ಕೈ ಎತ್ತಿದೆ. ಅಲ್ಲಿ ಸಂಡೂರು ಇತ್ತು.

ಸಂಡೂರು ಹೊಸಪೇಟೆಯ ದಕ್ಷಿಣಕ್ಕಿದೆ. ಕಂಪ್ಲಿ ಉತ್ತರಕ್ಕಿದೆ. ನಮ್ಮ ನಕ್ಷೆಯಲ್ಲಿ ಸಂಡೂರು ಮೇಲಿತ್ತು, ಕಂಪ್ಲಿ ಕೆಳಗಿತ್ತು. ಗೋಂದು ಒಣಗುವ ತನಕ ಕೈ ಎತ್ತಿಕೊಂಡೇ ನಿಂತಿದ್ದೆ.

"ಯಾಕ್ ಮಿಸ್, ಕೈ ಹಿಡ್ಕಂಡ್ತಾ?" ಎಂದಳು ಲೀಡರ್.

ವಿಷಯ ಹೇಳಿದೆ. ಹೇಳಿ, ನಾಚಿಕೆಗೇಡಿನ ಒಂದು ಮಾತನ್ನೂ ಸೇರಿಸಿದೆ: "ನೀವು ಸರಿಯಾಗಿ ಕೇಳಿಸ್ಕಂಡಿಲ್ಲ ಅಂತ ಕಾಣ್ತೈತಿ."

"ನಾವ್ ಕೇಳಿಸ್ಕಂಡೀವಿ ಮಿಸ್. ನಿಮ್ಮ ಡೈರಿ ತೆಗೀರಿ."

ತೆಗೆದೆ. ಗುಂಪು ಹಂಚಿದ ದಿನದ ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಹೀಗಿತ್ತು: "ಮೂರನೇ ಪೀರಿಯಡ್. ಹಾಳೆಗಳ ಕ್ರಮ ಹೇಳಿದೆ. ಎಲ್ಲಕ್ಕಿಂತ ಮೇಲೆ ಸಂಡೂರು, ಆಮೇಲೆ ಹೊಸಪೇಟೆ, ಆಮೇಲೆ ಹಂಪಿ, ಕೆಳಗೆ ಕಂಪ್ಲಿ. ಪ್ರಶ್ನೆ ನಾಲ್ಕು. ನಾಲ್ಕೂ ಮಾರ್ಕ್ಸ್ ಬಗ್ಗೆ."

ಹೇಗಾಯಿತೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ನಾನು ಮರಿಯಮ್ಮನಹಳ್ಳಿಯವಳು. ನಮ್ಮ ಕಡೆ ಯಾರೂ ಸಂಡೂರಿಗೆ ಸುಮ್ಮನೆ ಹೋಗುವುದಿಲ್ಲ, "ಮ್ಯಾಲೆ ಸಂಡೂರಿಗೆ" ಹೋಗುತ್ತಾರೆ, ಅಲ್ಲಿ ಗುಡ್ಡಗಳಿವೆ. "ಕೆಳಗ ಕಂಪ್ಲಿಗೆ" ಹೋಗುತ್ತಾರೆ. ಡ್ಯಾಂ ಬಿಟ್ಟ ನೀರು ಆ ಕಡೆ ಇಳಿಯುತ್ತದೆ. ಹುಟ್ಟಿದಂದಿನಿಂದ ಕೇಳಿದ ಮಾತನ್ನು ಬಿ.ಎಡ್. ಮಾಡಿದ ಬಾಯಿ ಹಾಗೇ ಒಪ್ಪಿಸಿತ್ತು. ಮೂವತ್ತೆರಡು ಜನರಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಅವರೂ ಅದೇ ಮಾತು ಕೇಳಿ ಬೆಳೆದವರು.

"ಉಲ್ಟಾ ತಿರುಗ್ಸಿ ಹಾಕಿದ್ರಾತು" ಎಂದ ಹಂಪಿ ಗುಂಪಿನ ಒಬ್ಬ. ಆರು ಜನ ಸೇರಿ ನಕ್ಷೆ ತಿರುಗಿಸಿದರು. ಅಕ್ಷರಗಳೆಲ್ಲ ತಲೆಕೆಳಗಾದವು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಎಡಕ್ಕೆ ಪಶ್ಚಿಮ, ಬಲಕ್ಕೆ ಪೂರ್ವ ಎಂದು ಪಾಠ ಮಾಡಿದ್ದನ್ನು ಮಕ್ಕಳು ಸರಿಯಾಗಿಯೇ ಕಲಿತಿದ್ದರು. ಹೊಸಪೇಟೆಯ ಪಶ್ಚಿಮಕ್ಕಿರುವ ಟಿ.ಬಿ. ಡ್ಯಾಂ ಅನ್ನು ಎಡಕ್ಕೇ ಬರೆದಿದ್ದರು. ನಕ್ಷೆ ತಿರುಗಿಸಿದ ಕೂಡಲೇ ಅದು ಬಲಕ್ಕೆ, ಎಂದರೆ ಬಳ್ಳಾರಿಯ ದಿಕ್ಕಿಗೆ ಹೋಯಿತು. ಊರುಗಳನ್ನು ಸರಿಮಾಡಿದರೆ ಡ್ಯಾಂ ತಪ್ಪು, ಡ್ಯಾಂ ಸರಿಮಾಡಿದರೆ ಊರುಗಳು ತಪ್ಪು.

"ಹಂಗಾರ ಹಾಳೆ ಕಿತ್ತು ಮ್ಯಾಲೆ ಕೆಳಗ ಮಾಡಾಣ" ಎಂದಳು ಒಬ್ಬಳು. ಪಕ್ಕದಲ್ಲಿ ಬರೀ ಪೆನ್ಸಿಲ್ ಗೆರೆ ಎಳೆದು ನೋಡಿದೆವು. ಕಂಪ್ಲಿಯ ರಸ್ತೆ ಹೊಸಪೇಟೆ ಹಾಳೆಯ ಕೆಳ ಅಂಚಿನಿಂದ ಹೊರಡುತ್ತಿದ್ದುದರಿಂದ, ಬುಕ್ಕಸಾಗರಕ್ಕೆ ಹೊರಟ ಬಸ್ಸು ನೇರವಾಗಿ ಹೋಗಿ ಸಂಡೂರಿನ ಗಣಿಗೆ ಬೀಳುತ್ತಿತ್ತು.

"ನಂಗ ಮನಿಗೆ ಹೋಗ್ಬೇಕ್ ಮಿಸ್, ಗಣಿಗೆ ಬ್ಯಾಡ" ಎಂದಳು ಲೀಡರ್.

ನಕ್ಷೆಯ ಕೆಳಗೆ ನೆಲದ ಮೇಲೆ ಕನ್ನಡಿ ಇಟ್ಟು, ಪಾಲಕರಿಗೆ ಅದರಲ್ಲೇ ನೋಡಲು ಹೇಳೋಣ ಎಂಬ ಸಲಹೆಯೂ ಬಂತು. ನಿಜ ಹೇಳಬೇಕೆಂದರೆ ದಿಕ್ಕಿನ ಮಟ್ಟಿಗೆ ಸರಿಯಾದ ಸಲಹೆ ಅದೊಂದೇ.

ಕೊನೆಗೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ ಸಂಡೂರಿನ ಗುಡ್ಡಗಳ ಕಡೆ ಮುಖ ಮಾಡಿ ನಿಲ್ಲಿಸಿದೆ. ಡ್ಯಾಂ ಯಾವ ಕೈಗೆ ಎಂದು ಕೇಳಿದೆ. ಬಲಗೈ ಎತ್ತಿದವರು ಮೂವತ್ತೊಂದು. ಒಬ್ಬ ಎರಡೂ ಕೈ ಎತ್ತಿದ್ದ. ಐದು ತಿಂಗಳಲ್ಲಿ ದಿಕ್ಕಿನ ಪಾಠ ಇಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ. ಆದರೆ ಪಾಠ ಮೈದಾನದಲ್ಲಿತ್ತು, ಗೋಡೆಯ ಮೇಲಿದ್ದದ್ದು ತಪ್ಪು. ಹೊಸದಾಗಿ ಬರೆಯಲು ಉಳಿದದ್ದು ಒಂದೇ ದಿನ.

"ಬಾಣ ಬಿಟ್ಟು ಇದನ್ನ ಹಾಕಾಣ. ಶನಿವಾರ ಸಭೆಗಿಂತ ಮುಂಚೆ ಹೆಡ್ ಸರ್‌ಗೆ ನಾನ ಹೇಳ್ತೀನಿ, ತಪ್ಪು ನಂದು ಅಂತ" ಎಂದೆ.

"ಪ್ರಾಜೆಕ್ಟ್ ಬಂದ್ ಮಾಡ್ತಾರ?"

"ಮಾಡಬೌದು."

ಲೀಡರ್, "ಹೇಳ್ರಿ ಮತ್ತ. ಹೇಳ್ದಿದ್ರ ನಾವ್ ಸುಳ್ಳು ನಕ್ಷೆ ಮಾಡಿದಂಗ ಆಗತೈತಿ" ಎಂದಳು.

ಶುಕ್ರವಾರ ಹೆಡ್ ಸರ್ ಕೋಣೆಯ ಮುಂದೆ ಏಳು ಸಲ ಹಾದುಹೋದೆ. ಶನಿವಾರ ಬೆಳಿಗ್ಗೆ ಮೂರು ಸಲ. ಒಳಗೆ ಹೋದದ್ದು ಸೊನ್ನೆ.

ಸಭೆಗೆ ಅರವತ್ತಮೂರು ಜನ ಬಂದರು. ನಾನು ನಕ್ಷೆಯ ಪಕ್ಕದಲ್ಲೇ ನಿಂತು, ತಪ್ಪು ಕಂಡುಹಿಡಿದವರ ಲೆಕ್ಕಕ್ಕೆಂದು ಅಂಗೈಯಲ್ಲಿ ಗೆರೆ ಎಳೆಯಲು ಪೆನ್ನು ಹಿಡಿದಿದ್ದೆ. ಸಂಡೂರಿನಿಂದ ಅದಿರು ಸಾಗಿಸುವ ಲಾರಿಯ ಡ್ರೈವರ್, ನಮ್ಮ ಒಬ್ಬ ಹುಡುಗನ ಅಪ್ಪ, ಬೆರಳಿಟ್ಟು ಮೇಲಿನಿಂದ ಕೆಳಗೆ ತಂದರು. "ಮಸ್ತ್ ಐತ್ರಿ! ಮ್ಯಾಲಿಂದ ಲೋಡ್ ಹೊಡ್ಕಂಡು ಹಿಂಗ ಇಳೀತೀವಿ. ಅಲ್ಲಲೇ, ಆ ಚಾ ಅಂಗಡಿ ಎಲ್ಲಿ ಹೋತು?" ಹಂಪಿಯ ಗುಡಿಯೊಂದರ ಪೂಜಾರಿ, ಇನ್ನೊಬ್ಬ ಹುಡುಗಿಯ ಅಪ್ಪ, ನದಿ ಗುಡಿಯ ಪಕ್ಕದಲ್ಲೇ ಇದೆಯೇ ಎಂದಷ್ಟೇ ನೋಡಿ ಸಮಾಧಾನಪಟ್ಟರು. ಬುಕ್ಕಸಾಗರದ ಲೀಡರಿನ ಅಪ್ಪ ನಕ್ಷೆಯನ್ನೆಲ್ಲ ನೋಡಿ ತಲೆಯಾಡಿಸಿದರು; ಅವ್ವ ಭತ್ತ ಮುಟ್ಟಿ ನೋಡಿ, ಇದು ನಮ್ಮ ಹೊಲದ್ದಲ್ಲ, ಯಾರ ಹೊಲದ್ದು ತಂದೀಯೆ ಎಂದು ಮಗಳನ್ನು ಗದರಿದರು. ಗಣಿತದ ಮಾಸ್ತರರು ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಹುಡುಕಿ, ತಾಲ್ಲೂಕು ಕಚೇರಿ ಇಲ್ಲದ್ದನ್ನು ಹಿಡಿದರು. ಬೇರೆ ಏನೂ ಸಿಗಲಿಲ್ಲ. ಅಂಗೈ ಖಾಲಿ.

ಎಲ್ಲರೂ ಹೋದ ಮೇಲೆ ಹೆಡ್ ಸರ್ ಬೀಗುತ್ತ ಬಂದರು. "ಒಪ್ಪಿದೆ ಮಿಸ್. ತಪ್ಪಿಲ್ಲ. ಕಚೇರಿ ಒಂದು ಸೇರಿಸ್ರಿ. ವರ್ಷಪೂರ್ತಿ ಪ್ರಾಜೆಕ್ಟ್ ನಡೀಲಿ."

ಬೇಕಾದದ್ದು ಸಿಕ್ಕಿತ್ತು. ಸುಮ್ಮನೆ "ಥ್ಯಾಂಕ್ಸ್ ಸರ್" ಎಂದರೆ ಮುಗಿಯುತ್ತಿತ್ತು. ನಾನು ಹಾಗೇ ಅನ್ನಲು ಬಾಯಿ ತೆರೆದಿದ್ದೆ ಎಂಬುದನ್ನು ಇಲ್ಲಿ ಬರೆದುಬಿಡುತ್ತೇನೆ. ಬೆಂಚು ಎತ್ತಿಡುತ್ತಿದ್ದ ಲೀಡರ್ ಬೆಂಚನ್ನು ಅಲ್ಲೇ ಬಿಟ್ಟು ಹತ್ತಿರ ಬಂದಳು.

"ಮಿಸ್, ನೀವ್ ಹೇಳ್ತೀರೋ, ನಾ ಹೇಳ್ಲೋ?"

"ತಪ್ಪೈತಿ ಸರ್" ಎಂದೆ. "ನಕ್ಷೆ ತಲೆಕೆಳಗ ಐತಿ. ನಾನ ಹಂಗ ಹೇಳಿಕೊಟ್ಟೆ. ಹುಡುಗ್ರದು ತಪ್ಪಿಲ್ಲ."

ಹೆಡ್ ಸರ್ ನಕ್ಷೆಯತ್ತ ತಿರುಗಿದರು. ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು. ತಲೆ ಒಂದು ಕಡೆ ವಾಲಿಸಿದರು. "ಎಲ್ಲೈತಿ ತಪ್ಪು? ಮ್ಯಾಲೆ ಸಂಡೂರು, ಕೆಳಗ ಕಂಪ್ಲಿ. ಸರಿ ಐತೆಲ್ಲ."

"ಉತ್ತರ ಯಾಕಡೆ ಸರ್?" ಎಂದಳು ಲೀಡರ್.

ಅವರು ಬೆರಳು ಎತ್ತಿದರು. ಬೆರಳು ಸಂಡೂರಿನ ಕೆಂಪು ಗುಡ್ಡದ ಎದುರಿಗೆ ಹೋಗಿ ನಿಂತಿತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು. ಮುಖ ಗಣಿಯ ಬಣ್ಣಕ್ಕೆ ತಿರುಗಿತು.

"ಗೊತ್ತಿದ್ದೂ ಗ್ವಾಡಿಗೆ ಹಾಕಿದ್ರೇನ್ರಿ? ಮುಗೀತು. ಸೋಮವಾರದಿಂದ ನೋಟ್ಸ್. ನಾನ ಬರೆಸಿದ್ದೆ ಇಪ್ಪತ್ತು ವರ್ಷ, ಕಂಪ್ಲಿ ಹೊಸಪೇಟೆಯ ಉತ್ತರಕ್ಕಿದೆ ಅಂತ. ಒಬ್ಬರೂ ತಪ್ಪು ಬರೆದಿಲ್ಲ."

"ಹೌದು ಸರ್" ಎಂದಳು ಲೀಡರ್, ಬಹಳ ಮರ್ಯಾದೆಯಿಂದ. "ಸರಿಯಾಗೇ ಬರೆದಾರ. ನಮ್ಮಪ್ಪನೂ ನಿಮ್ಮ ಹತ್ರಾನ ಬರಕಂಡಿದ್ದ. ಈಗ ಇಲ್ಲಿ ನಿಂತು ನೋಡಿ ಹೋದ, ಅವಂಗೂ ಗೊತ್ತಾಗ್ಲಿಲ್ಲ. ಬರೆಸಿದವರಿಗೂ ಗೊತ್ತಾಗ್ಲಿಲ್ಲ. ನಮ್ಮ ಕ್ಲಾಸಿನಾಗ ಯಾರ್ನಾರ ಕೇಳ್ರಿ, ಡ್ಯಾಂ ಯಾಕಡೆ ಅಂತ."

ಟಿ.ಸಿ. ಅವಳಿಗೆ ಮೊದಲು ಕೊಡುತ್ತಾರೋ, ನನಗೆ ಮೊದಲು ಕೊಡುತ್ತಾರೋ ಎಂಬುದೊಂದೇ ತಲೆಯಲ್ಲಿತ್ತು. ಹೆಡ್ ಸರ್ ಬೆಂಚು ಎತ್ತಿಡುತ್ತಿದ್ದ ಇನ್ನೊಬ್ಬ ಹುಡುಗನನ್ನು ಕರೆದರು. ಮೈದಾನದಲ್ಲಿ ಎರಡೂ ಕೈ ಎತ್ತಿದ್ದವನು ಅವನೇ.

"ಲೇ, ಸಂಡೂರು ಕಡೆ ನಿಂದ್ರು. ಡ್ಯಾಂ ಯಾಕಡೆ?"

ಅವನು ಕಿಟಕಿ ನೋಡಿ, ತಿರುಗಿ ನಿಂತು, ಒಂದೇ ಕೈ ಎತ್ತಿದ. ಬಲಗೈ.

ಹೆಡ್ ಸರ್ ತಾವೂ ಅವನ ಹಾಗೇ ತಿರುಗಿ ನಿಂತು ನೋಡಿದರು. ಆಮೇಲೆ ಅಂಗಿ ಸರಿಮಾಡಿಕೊಂಡು, "ಒಂದು ಪೀರಿಯಡ್ ಗಣಿತಕ್ಕ ಹೋಗ್ತೈತಿ. ಅದು ಮುಚ್ಚಿಟ್ಟಿದ್ದಕ್ಕ. ಇನ್ನೊಂದು ಇರ್ಲಿ. ಸೋಮವಾರ ಹೊಸದು ಶುರು ಮಾಡ್ರಿ. ನಾನೂ ಬಂದು ಕುಂದ್ರತೀನಿ" ಎಂದರು.

ಬಂದೇ ಬಂದರು. ಕಂಪ್ಲಿ ಗುಂಪಿನಲ್ಲಿ ಒಂಬತ್ತನೆಯವರಾಗಿ ನೆಲದ ಮೇಲೆ ಕೂತರು. ಸ್ಕೇಲು ಹಿಡಿದು ನದಿಯನ್ನು ನೆಟ್ಟಗೆ, ಗೆರೆ ಎಳೆದ ಹಾಗೆ ಎಳೆದರು. ಲೀಡರ್ ಸ್ವಲ್ಪ ಹೊತ್ತು ನೋಡಿದಳು.

"ಸರ್, ಅದು ಹೊಳಿ ಸರ್, ಕಾಲುವಿ ಅಲ್ಲ. ನೀವ್ ಬ್ಯಾಡ್ರಿ. ಗೋಂದು ಹಚ್ರಿ."

ಹೆಡ್ ಸರ್ ಗೋಂದಿನ ಡಬ್ಬಿ ಎಳೆದುಕೊಂಡರು.