ಹುಣ್ಣಿಮೆಯ ಮರುದಿನದ ಹೋಳಿಗೆ

ಸುಂದರವ್ವ ದೇವಿ ಎಲ್ಲವ್ವನನ್ನು ಬಿಟ್ಟದ್ದು ಜಗಳವಾಡಿ ಅಲ್ಲ. ಒಂದು ಬಟ್ಟಲು ಕೊಬ್ಬರಿ ಎಣ್ಣೆ, ಒಂದು ಹಣಿಗೆ, ಕಿರಾಣಿ ಅಂಗಡಿಯ ಶಾಂಪೂ ಪಾಕೀಟು, ಇಷ್ಟರಲ್ಲೇ ಆ ಕೆಲಸ ಮುಗಿದಿತ್ತು. ದಿನಭವಿಷ್ಯ ನೋಡದೆ ಮುಂಜಾನೆಯ ಚಹಾ ಕುಡಿಯಲಾರದ ನಮ್ಮಂಥವರಿಗೆ ಇದು ನಂಬಲು ತುಸು ಕಷ್ಟ.

ಆಗ ಮಗಳು ಪಲ್ಲವಿ ಸಣ್ಣವಳು. ಟೈಫಾಯ್ಡ್ ಬಂದು ವಾರಗಟ್ಟಲೆ ಮಲಗಿದ್ದಳು. ತಲೆಗೆ ನೀರಿಲ್ಲ, ಹಣಿಗೆಯಿಲ್ಲ. ಜ್ವರ ಇಳಿಯುವ ಹೊತ್ತಿಗೆ ಹಿಂದಲೆಯ ಕೂದಲು ಗಂಟುಗಟ್ಟಿ ಜಡೆಯಾಗಿತ್ತು. ಮೊಮ್ಮಗಳನ್ನು ನೋಡಲು ಯಂಕಂಚಿಯಿಂದ ಮುದ್ದೇಬಿಹಾಳಕ್ಕೆ ಬಂದಿದ್ದ ಅತ್ತೆ ಆ ಗಂಟನ್ನು ಮುಟ್ಟಿ, ಕೈ ಮುಗಿದು, ತಾಯಿ ಎಲ್ಲವ್ವ ಬಂದಾಳೆ, ಇನ್ನು ಬಾಚಬಾರದು, ಹುಡುಗಿಯನ್ನು ದೇವಿಗೆ ಬಿಡಬೇಕು ಎಂದಳು. ದೇವಿಗೆ ಬಿಡುವುದೆಂದರೇನು ಎಂದು ಸುಂದರವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಚಿಗವ್ವನನ್ನು ಹಾಗೇ ಬಿಟ್ಟಿದ್ದರು. ಆಕೆಗೆ ಮದುವೆಯೂ ಆಗಲಿಲ್ಲ, ತನ್ನದೆನ್ನುವ ಮನೆಯೂ ಆಗಲಿಲ್ಲ.

ಅತ್ತೆ ಮಧ್ಯಾಹ್ನ ಉಂಡು ಅಡ್ಡಾದಾಗ ಸುಂದರವ್ವ ಮಗಳನ್ನು ಹಿತ್ತಲಿಗೆ ಕರೆದೊಯ್ದು, ಎಣ್ಣೆ ಸುರಿದು, ಎಳೆ ಎಳೆಯಾಗಿ ಬಿಡಿಸತೊಡಗಿದಳು. ಬಿಡಿಸಲು ಬಾರದ್ದನ್ನು ಕತ್ತರಿಗೆ ಕೊಟ್ಟಳು. ಆಮೇಲೆ ದೇವಿಯ ಸಿಟ್ಟಿಗಾಗಿ ಕಾದಳು. ಎಮ್ಮೆ ಹಾಲಿನ ಚರಿಗೆಯನ್ನು ಒದ್ದು ಕೆಡವಿತು. ಆದರೆ ಆ ಎಮ್ಮೆ ಮೊದಲಿನಿಂದಲೂ ಹಾಗೆಯೇ. ಅತ್ತೆ ಮಾತ್ರ ಚಹಾ ಕುಡಿಯದೆ ಸಿಂದಗಿ ಬಸ್ಸು ಹತ್ತಿದಳು. (ಈಗ ಬಂದಾಗಲೆಲ್ಲ ಪಲ್ಲವಿಯ ಕಾಲೇಜಿಗೆ ಹೊತ್ತಾಗುವಷ್ಟು ನಿಧಾನವಾಗಿ ಜಡೆ ಹೆಣೆಯುವವಳೂ ಅವಳೇ.)

ಸುಂದರವ್ವ ಮುಂದೆ ಊರಿನ ಬುದ್ಧವಿಹಾರಕ್ಕೆ ಹೋಗತೊಡಗಿ ಬೌದ್ಧಳಾದಳು. ಮಾರ್ಕೆಟ್ ಯಾರ್ಡಿನಲ್ಲಿ ತೂಕದ ಕೆಲಸ ಮಾಡುವ ಗಂಡ ಪರಶು, ಹೆಂಡತಿ ಮಾಡಿದ ಪಲ್ಯಕ್ಕೂ ಬಿಟ್ಟ ದೇವರಿಗೂ ಎದುರು ಮಾತಾಡದ ಮನುಷ್ಯ. ತಾನೂ ಬೌದ್ಧನಾದ.

ಅವಳಿಗೆ ದೇವಿಯ ನೆನಪು ಕಾಡಲಿಲ್ಲ. ಕಾಡಿದ್ದು ಪಡ್ಡಲಗಿಯ ನೆನಪು. ಮಾಘ ಮಾಸದ ಭಾರತ ಹುಣ್ಣಿಮೆಗೆ ಬಿದಿರಿನ ಎರಡು ಬುಟ್ಟಿಗಳಲ್ಲಿ ಹೋಳಿಗೆ, ಕಡಬು, ವಡೆ, ಬದನೆಕಾಯಿ ಪಲ್ಯ ತುಂಬಿ, ದೇವಿಗೆ ಉಧೋ ಎಂದು ಕೂಗಿ, ಓಣಿಯ ಹೆಂಗಸರನ್ನು ಸಾಲಾಗಿ ಕೂಡಿಸಿ ಬಡಿಸುವ ಈ ಪಡ್ಡಲಗಿ ಅವಳ ಮನೆಯ ರೂಢಿಯಾಗಿತ್ತು. ಪಡ್ಡಲಗಿ ನಿಂತಿತು, ಹೆಂಗಸರು ಬರುವುದೂ ನಿಂತಿತು. ಯಾರಿಗೂ ಸಿಟ್ಟಿರಲಿಲ್ಲ. ಕರೆಯದೆ ಉಣ್ಣಲು ಹೋಗುವ ಪದ್ಧತಿ ಆ ಓಣಿಯಲ್ಲಿಲ್ಲ. ಯಾವ ಹೆಸರಿನಲ್ಲಿ ಕರೆಯಬೇಕೆಂದು ಇವಳಿಗೆ ತಿಳಿಯಲಿಲ್ಲ. ಬುಟ್ಟಿಗಳಲ್ಲಿ ಉಳ್ಳಾಗಡ್ಡಿ ಬಂದು ಕೂತವು.

ವಿಹಾರದವರು ಒಳ್ಳೆಯ ಮಂದಿ, ಆದರೆ ಬಹಳ ಸುಮ್ಮನಿರುವ ಮಂದಿ. ಮೊದಲ ಸಲ ವಂದನೆ ಮುಗಿದು ಎಲ್ಲರೂ ಮೆಲ್ಲಗೆ ಸಾಧು ಎಂದಾಗ, ಹಳೆಯ ರೂಢಿಯಲ್ಲಿ ಸುಂದರವ್ವ ಬಾಯ್ತುಂಬ ಉಧೋ ಎಂದುಬಿಟ್ಟಿದ್ದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅಂಗನವಾಡಿಯಲ್ಲಿ ಅಡುಗೆ ಮುಗಿಸಿ ಸಂಜೆಯಷ್ಟೇ ವಿಹಾರಕ್ಕೆ ಹೋಗುತ್ತಿದ್ದಳು. ಕಣ್ಣು ಮುಚ್ಚಿ ಕೂತು, ಎದ್ದು, ತಲೆಯಾಡಿಸಿ ಎಲ್ಲರೂ ತಮ್ಮ ತಮ್ಮ ಮನೆಗೆ. ತನ್ನ ಮನೆಯಲ್ಲಿ ಇನ್ನೊಮ್ಮೆ ಹೆಂಗಸರು ಸಾಲಾಗಿ ಕೂತು ಉಣ್ಣುತ್ತಾರೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ.

ಈ ವರ್ಷದ ಭಾರತ ಹುಣ್ಣಿಮೆಗೆ ಅವಳೇ ಮುಂದಾದಳು. ವಿಹಾರದ ಹಿರಿಯಳಾದ ಯಶೋಧಾ ಟೀಚರಿಗೂ ಉಳಿದ ಹೆಂಗಸರಿಗೂ ಸಂಜೆ ಮನೆಗೆ ಬನ್ನಿ ಎಂದು ಹೇಳಿದಳು. ಉಣ್ಣಲು ಎಂದು ಹೇಳಲಿಲ್ಲ. ಊಟದ ಹೆಸರೆತ್ತಿ ಕರೆಯುವುದು ನಮ್ಮ ಕಡೆ ದೊಡ್ಡಸ್ತಿಕೆ. ಮುಂಜಾನೆಯಿಂದ ಒಲೆ ಉರಿಯಿತು. ಉಳ್ಳಾಗಡ್ಡಿ ಖಾಲಿಯಾಗಿ ಬುಟ್ಟಿಗಳು ತೊಳೆಸಿಕೊಂಡವು.

ಸಂಜೆ ಬಿಳಿ ಸೀರೆಯುಟ್ಟ ಹೆಂಗಸರು ಬಂದು ಸಾಲಾಗಿ ಕೂತರು. ಸುಂದರವ್ವನ ಎದೆ ತುಂಬಿತು. ಮೊದಲ ತಾಟು ಇಟ್ಟಾಗ ಯಶೋಧಾ ಅದನ್ನು ನೋಡಿದಳು, ಹೋಳಿಗೆಯ ಮೇಲಿನ ತುಪ್ಪವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು.

"ಸುಂದ್ರವ್ವ, ಹುಣ್ಣಿವಿ ದಿನ ನಾವೆಲ್ಲ ಮುಂಜಾನಿ ಎಂಟು ಶೀಲ ತಗೊಂಡಿರ್ತೇವಿ. ಮಧ್ಯಾಹ್ನ ದಾಟಿದ ಮ್ಯಾಲ ಉಣ್ಣಂಗಿಲ್ಲ. ನಾಳೆ ಬೆಳಕ ಹರಿಯೂತನಕ ನೀರಷ್ಟ."

"ಮದ್ಲ ಹೇಳಬಾರದೇನ್ರಿ ಅಕ್ಕೋರ?"

"ನೀ ಮನಿಗೆ ಬರ್ರಿ ಅಂದಿ. ನೀರ ಕುಡದು ಮಾತಾಡಿ ಹೋಗೂದು ಅನ್ಕೊಂಡ್ವಿ."

ಅವರು ನೀರು ಕುಡಿದರು. ಮಾತಾಡಲು ಯಾರಿಗೂ ಆಗಲಿಲ್ಲ. ಬದನೆಕಾಯಿಯ ವಾಸನೆ ಮನೆ ತುಂಬ ಓಡಾಡುತ್ತಿದ್ದಾಗ ಎಂಥ ಶೀಲವಂತರಿಗೂ ಮಾತು ಕಷ್ಟ. ಪರಶು ಮಾತ್ರ, ತಾನು ಯಾವ ಶೀಲವನ್ನೂ ತೆಗೆದುಕೊಂಡಿಲ್ಲವೆಂದು ತಿಳಿಸಿ, ಅಡುಗೆಮನೆಯ ಮೂಲೆಯಲ್ಲಿ ಕೂತು ಉಂಡ.

ಅವರೆಲ್ಲ ಹೊರಡಲು ಎದ್ದಾಗ ಬಾಜು ಮನೆಯ ಶಮಶಾದಬಿ ಮೊಸರಿನ ಪಾತ್ರೆ ಹಿಡಿದು ಬಂದಳು. ಸುಂದರವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದುದನ್ನು ಕಂಡು, ಸಂಗತಿ ಕೇಳಿ ತಿಳಿದು, ಪಾತ್ರೆ ಕೆಳಗಿಟ್ಟಳು.

"ಇದಕ್ಯಾಕ ಅಳತಿ? ನಾವು ರೋಜಾ ಹಿಡಿಯಂಗಿಲ್ಲೇನ? ನಮ್ಮದು ಸಂಜಿಗೆ ಬಿಡತೈತಿ, ಇವರದು ಮುಂಜಾನಿ ಬಿಡತೈತಿ. ಮುಂಜಾನಿ ಕರಿ. ಹೋಳಿಗಿ ಮರುದಿನಾನ ರುಚಿ."

ಯಶೋಧಾ ಅವಳನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. "ಬೆಳಕ ಹರಿಯೂದ್ರಾಗ ಇಲ್ಲೇ ಇರ್ತೇವಿ," ಎಂದಳು. ಅವಳು ಅಷ್ಟು ಬೇಗ ಮಾತಾಡಿದ್ದನ್ನು ವಿಹಾರದಲ್ಲಿ ಯಾರೂ ಕೇಳಿರಲಿಲ್ಲ.

ಮಾತಿನಂತೆ ಬಂದರು. ಇನ್ನೂ ಮಬ್ಬು ಬೆಳಕು. ಬಿಳಿ ಸೀರೆಯ ಹೆಂಗಸರು ಮಾತಿಲ್ಲದೆ, ಹಸಿದ ಮುಖದಲ್ಲಿ, ಒಬ್ಬರ ಹಿಂದೊಬ್ಬರು ಸುಂದರವ್ವನ ಮನೆ ಹೊಕ್ಕರು. ಅಂಗಳ ಗುಡಿಸುತ್ತಿದ್ದ ಎದುರುಮನೆಯ ಸಾವಂತ್ರೆವ್ವನ ಕೈಯಿಂದ ಕಸಬರಿಗೆ ಜಾರಿತು. ಉಣ್ಣಲು ಕರೆಯಬೇಕು, ಸತ್ತಲ್ಲಿಗೆ ಯಾರೂ ಕರೆಯಬೇಕಾಗಿಲ್ಲ. ಬಾಗಿಲಿಂದ ಬಾಗಿಲಿಗೆ ಸುದ್ದಿ ಹೋಯಿತು. ಸೆರಗು ಬಾಯಿಗಿಟ್ಟುಕೊಂಡು ಓಣಿಯ ಹೆಂಗಸರೆಲ್ಲ ನುಗ್ಗಿದರು. ಮುಂದಿದ್ದ ಸಾವಂತ್ರೆವ್ವ ಹೊಸ್ತಿಲಲ್ಲೇ ರಾಗ ತೆಗೆದಳು.

"ಯಪ್ಪಾ ಪರಶೂ, ಉಂಡ ತಾಟಿನ್ಯಾಗ ಕೈ ತೊಳಿಯೂದ್ರಾಗ ಹೋದೆಲ್ಲೋ..."

ಪರಶು ಬಚ್ಚಲಿನಿಂದ ಹಲ್ಲುಜ್ಜುತ್ತ ಹೊರಬಂದ. ತನ್ನನ್ನು ಇಷ್ಟು ಮಂದಿ ಹಚ್ಚಿಕೊಂಡಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಬಾಯಲ್ಲಿ ನೊರೆ ತುಂಬಿದ್ದರಿಂದ ಏನೂ ಹೇಳಲಾಗದೆ ಕೈ ಮುಗಿದ.

ಮೊದಲು ನಕ್ಕವಳು ಯಶೋಧಾ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳ ಹಿಂದೆ ವಿಹಾರದವರು, ಅವರ ಹಿಂದೆ ಓಣಿಯವರು.

"ಮತ್ತ ಇಷ್ಟ ಮಂದಿ ಯಾಕ ಬಂದಾರವಾ?" ಸಾವಂತ್ರೆವ್ವ ಕಣ್ಣೊರೆಸಿಕೊಂಡು ಕೇಳಿದಳು.

"ಉಣ್ಣಾಕ," ಎಂದಳು ಸುಂದರವ್ವ.

"ಯಾರ ಹೆಸರಲೆ?"

ಇಷ್ಟು ವರ್ಷ ಸುಂದರವ್ವನಿಗೆ ಹೊಳೆಯದಿದ್ದ ಉತ್ತರ, ಹಸಿದವರ ಸಾಲನ್ನು ಕಂಡೊಡನೆ ಬಾಯಿಗೆ ಬಂತು.

"ಹಸದವರ ಹೆಸರಲೆ. ನೀ ಕುಂದ್ರ."

"ಜಳಕಾ ಆಗಿಲ್ಲ ನಂದು."

"ಸತ್ತವ್ರ ಮನಿಗೆ ಬರೂವ್ರು ಜಳಕಾ ಮಾಡಿ ಬರ್ತಾರೇನ? ಕುಂದ್ರ ಸುಮ್ಮ."

ಕೂತರು. ಬಿಳಿ ಸೀರೆಯ ಪಕ್ಕ ಬಣ್ಣದ ಸೀರೆ, ಅದರ ಪಕ್ಕ ಮೊಸರು ಬಡಿಸಿ ದಣಿದ ಶಮಶಾದಬಿ. ಶೀಲವಂತರು ಉಂಡ ರೀತಿಗೆ ಓಣಿಯವರೇ ಬೆರಗಾದರು. ಬುಟ್ಟಿಗಳ ತಳ ಕಂಡಿತು. ಪರಶುವಿನ ಪಾಲಿಗೆ ಬಂದದ್ದು ಮುರಿದ ಒಂದು ವಡೆ.

ಮುಂದಿನ ಹುಣ್ಣಿಮೆಯ ಸಂಜೆ ಸುಂದರವ್ವ ವಿಹಾರದಿಂದ ಬರುತ್ತಿದ್ದಾಗ ಸಾವಂತ್ರೆವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು.

"ನಾಳೆ ನಿಮ್ಮ ಬಿಳಿ ಸೀರಿಯವ್ರು ಎಷ್ಟಕ್ಕ ಬರ್ತಾರ?" ಎಂದಳು ತಲೆಯೆತ್ತದೆ. "ರೊಟ್ಟಿಗೆ ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ ಕುಟ್ಟಿ ಇಡತೇನಿ."

ಸುಂದರವ್ವ ಮನೆಗೆ ಹೋಗಿ ಬುಟ್ಟಿಗಳಿಂದ ಉಳ್ಳಾಗಡ್ಡಿ ಸುರಿದಳು. ಈ ಸಲ ಅವಕ್ಕೆ ಬೇರೆ ಚೀಲ ಹುಡುಕಿದಳು.